ಮೂಲ ಟೆಂಪ್ಲೇಟು ತಿದ್ದಿದರೂ ಹಳೆಯ ಸಹಾಯ ಪುಟಗಳು ಬದಲಾಗಲಿಲ್ಲ, ಏಕೆ?

ಗಂಗಾವತಿ ಕೈಪಿಡಿ

ಎಲ್ಲರಿಗೂ ನಮಸ್ಕಾರ. ಅಕ್ಕಿ ಗಿರಣಿಗಳಿಗೆ ಯಂತ್ರ ಮತ್ತು ಕಂಟ್ರೋಲ್ ಪ್ಯಾನೆಲ್ ಒದಗಿಸುವ ಗಂಗಾವತಿಯ ಒಂದು ಸಣ್ಣ ಸಂಸ್ಥೆಗೆ ನಾನು ಬಳಕೆದಾರರ ಕೈಪಿಡಿಗಳನ್ನು ಬರೆದುಕೊಡುತ್ತೇನೆ. ಭತ್ತ ಹಸನು ಮಾಡುವ ಜರಡಿ, ಕಲ್ಲು ಬೇರ್ಪಡಿಸುವ ಡಿಸ್ಟೋನರ್, ಭತ್ತದ ಹೊಟ್ಟು ಬಿಡಿಸುವ ಶೆಲ್ಲರ್, ಪಾಲಿಶರ್, ಎಲಿವೇಟರ್ ಸೇರಿ ಒಟ್ಟು 11 ಯಂತ್ರಗಳಿದ್ದು, ಪ್ರತಿಯೊಂದಕ್ಕೂ ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಕೈಪಿಡಿ ಬೇಕು. ಪರದೆಯ ಮೇಲೆ ತೆರೆಯುವ ಸಹಾಯ ಪುಟಗಳೂ ಮುದ್ರಣಕ್ಕೆ ಹೋಗುವ ಪಿಡಿಎಫ್ ಕೂಡ ಒಂದೇ ಮೂಲದಿಂದ ಬರಲಿ ಎಂದು ಕಳೆದ ವರ್ಷ ಹೆಲ್ಪ್ ಆಥರಿಂಗ್ ಸಾಫ್ಟ್‌ವೇರ್ ಒಂದನ್ನು ತೆಗೆದುಕೊಂಡೆವು.

ಪರಿಚಯ, ಸುರಕ್ಷತೆ, ಚಾಲನೆ, ನಿಲುಗಡೆ, ವಾರದ ನಿರ್ವಹಣೆ, ದೋಷ ಮತ್ತು ಪರಿಹಾರ ಎಂಬ ಶೀರ್ಷಿಕೆಗಳಿರುವ ಒಂದು ಟೆಂಪ್ಲೇಟು ಮಾಡಿ, ಅದರಿಂದಲೇ ಎಲ್ಲ ಪುಟಗಳನ್ನು ಹುಟ್ಟಿಸಿದ್ದೆ. ಸುರಕ್ಷತೆಯ ಭಾಗದಲ್ಲಿ "ವಿದ್ಯುತ್ ಕಡಿತಗೊಳಿಸಿದ ಮೇಲೆ ಪ್ಯಾನೆಲ್ ಬಾಗಿಲು ತೆರೆಯುವ ಮೊದಲು 5 ನಿಮಿಷ ಕಾಯಿರಿ" ಎಂಬ ಎಚ್ಚರಿಕೆ ಇತ್ತು. ಮೋಟಾರಿನ ವೇಗ ನಿಯಂತ್ರಿಸುವ ವಿಎಫ್‌ಡಿ ಡ್ರೈವಿನ ಕೆಪ್ಯಾಸಿಟರ್‌ಗಳಲ್ಲಿ ಕರೆಂಟು ತೆಗೆದ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ ಉಳಿದಿರುತ್ತದೆ ಎಂಬುದು ಅದಕ್ಕೆ ಕಾರಣ. ಈ ಬಾರಿ ಡ್ರೈವ್ ಬದಲಾಯಿತು, ಹೊಸದರ ತಯಾರಕರು 10 ನಿಮಿಷ ಕಾಯಬೇಕೆನ್ನುತ್ತಾರೆ. ನಾನು ಟೆಂಪ್ಲೇಟಿನಲ್ಲಿ 5 ಅನ್ನು 10 ಮಾಡಿ ನಿಶ್ಚಿಂತಳಾದೆ. ಮುದ್ರಣವಾಗಿ ಬಂದ ಶೆಲ್ಲರ್ ಕೈಪಿಡಿಯಲ್ಲಿ 5 ನಿಮಿಷವೇ ಇತ್ತು. ಗಿರಣಿಗೆ ತಲುಪುವ ಮುನ್ನ ಕಣ್ಣಿಗೆ ಬಿದ್ದದ್ದು ಪುಣ್ಯ, ಕಟ್ಟನ್ನು ತಡೆದು ಚೀಟಿ ಅಂಟಿಸಿದೆವು. ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಇದು ಸಾಫ್ಟ್‌ವೇರಿನ ದೋಷವೋ ನನ್ನದೋ? ಜೊತೆಗೆ ಇನ್ನೊಂದು ತೊಡಕಿದೆ. ಯಂತ್ರದ ಹೆಸರನ್ನು ವೇರಿಯಬಲ್ ಆಗಿ, ಅಂದರೆ ಬೆಲೆಯನ್ನು ಒಂದೆಡೆ ಬದಲಿಸಿದರೆ ಎಲ್ಲೆಡೆ ಬದಲಾಗುವ ಖಾಲಿ ಜಾಗವಾಗಿ, ಇಟ್ಟು "ಅನ್ನು ನಿಲ್ಲಿಸಿ" ಎಂದು ಮುಂದೆ ಬರೆದರೆ "ಜರಡಿಅನ್ನು ನಿಲ್ಲಿಸಿ" ಎಂದು ಅಚ್ಚಾಗುತ್ತದೆ. ಇದಕ್ಕೆ ನೀವೆಲ್ಲ ಏನು ಮಾಡುತ್ತೀರಿ?

ಬಳ್ಳಾರಿ ಬರಹ

ಮೇಡಂ, ಸಾಫ್ಟ್‌ವೇರು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ನಿಮ್ಮದೂ ದೊಡ್ಡ ತಪ್ಪೇನಲ್ಲ, ಈ ಗೊಂದಲವನ್ನು ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅನುಭವಿಸಿದ್ದೇನೆ. ಈಗ ಬಳ್ಳಾರಿಯ ಮನೆಯಿಂದಲೇ ಇದೇ ಕೆಲಸ ಮಾಡುತ್ತಿರುವುದರಿಂದ ವಿವರವಾಗಿ ಬರೆಯುತ್ತೇನೆ.

ಪುಟದ ಟೆಂಪ್ಲೇಟು ಎಂದರೆ ಇಟ್ಟಿಗೆಯ ಅಚ್ಚಿನ ಹಾಗೆ. ಹೊಸ ಪುಟ ತೆರೆದ ಕ್ಷಣದಲ್ಲಿ ಅದರ ನಕಲು ತಯಾರಾಗುತ್ತದೆ, ಅಲ್ಲಿಗೆ ಅಚ್ಚಿಗೂ ಇಟ್ಟಿಗೆಗೂ ಇದ್ದ ಸಂಬಂಧ ಮುಗಿಯಿತು. ಅಚ್ಚನ್ನು ಎಷ್ಟು ಕೆತ್ತಿದರೂ ಗೂಡಿನಿಂದ ಆಚೆ ಬಂದ ಇಟ್ಟಿಗೆ ಬದಲಾಗದು. ಮ್ಯಾಡ್‌ಕ್ಯಾಪ್ ಫ್ಲೇರ್‌ನಲ್ಲಿ (ಇದೂ ಒಂದು ಹೆಲ್ಪ್ ಆಥರಿಂಗ್ ಸಾಫ್ಟ್‌ವೇರ್) ಹೊಸ ಟಾಪಿಕ್, ಅಂದರೆ ಪುಟ, ಸೇರಿಸುವಾಗ ಆರಿಸುವ ಟೆಂಪ್ಲೇಟೂ ಹೀಗೆಯೇ ಕೆಲಸ ಮಾಡುತ್ತದೆ.

ನಿಮಗೆ ಬೇಕಾಗಿದ್ದದ್ದು ಸ್ನಿಪೆಟ್, ಅಂದರೆ ಪಠ್ಯದ ತುಣುಕು. ಎಚ್ಚರಿಕೆಯ ವಾಕ್ಯವನ್ನು ಒಂದೇ ಕಡೆ ಪ್ರತ್ಯೇಕ ಕಡತವಾಗಿ ಇಟ್ಟುಕೊಂಡು, ಪುಟಗಳಲ್ಲಿ ಅದರ ಉಲ್ಲೇಖವನ್ನು ಮಾತ್ರ ಇಡಬೇಕು. ಔಟ್‌ಪುಟ್ ತೆಗೆಯುವಾಗ ಸಾಫ್ಟ್‌ವೇರ್ ಮೂಲ ಕಡತವನ್ನು ಓದಿ ಆ ಜಾಗ ತುಂಬುತ್ತದೆ, ಆದ್ದರಿಂದ ಮೂಲದಲ್ಲಿ ಒಮ್ಮೆ 10 ಎಂದು ಬರೆದರೆ 11 ಕೈಪಿಡಿಗಳಲ್ಲೂ 10 ಆಗುತ್ತದೆ. ಫ್ಲೇರ್‌ನಲ್ಲಿ ಬೇಕಾದ ಭಾಗವನ್ನು ಆಯ್ದುಕೊಂಡು ಕ್ರಿಯೇಟ್ ಸ್ನಿಪೆಟ್ ಒತ್ತಿದರೆ ಕಡತ ತಯಾರಾಗುತ್ತದೆ. ಅಡೋಬಿಯ ರೋಬೋಹೆಲ್ಪ್‌ನಲ್ಲೂ ಸ್ನಿಪೆಟ್ ಎಂಬ ಹೆಸರಿನಲ್ಲೇ ಈ ಸೌಲಭ್ಯವಿದೆ. ಆದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ತುಣುಕನ್ನು ನಕಲಾಗಿಯೂ ಸೇರಿಸಬಹುದು, ಕೊಂಡಿಯಾಗಿಯೂ ಸೇರಿಸಬಹುದು. ನಕಲು ಆರಿಸಿದರೆ ನೀವು ಮತ್ತೆ ಇಟ್ಟಿಗೆ ಗೂಡಿಗೇ ಮರಳಿದಂತೆ, ಆದ್ದರಿಂದ ಸೇರಿಸುವ ಸಮಯದಲ್ಲಿ ಆ ಆಯ್ಕೆಯನ್ನು ಎರಡು ಬಾರಿ ನೋಡಿಕೊಳ್ಳಿ.

ಎಂದರೆ ಟೆಂಪ್ಲೇಟು ಬೇಡವೆಂದಲ್ಲ. ಶೀರ್ಷಿಕೆಗಳ ಕ್ರಮ, "ಇಲ್ಲಿ ಯಂತ್ರದ ಸಾಮರ್ಥ್ಯವನ್ನು ಬರೆಯಿರಿ" ಎಂಬಂಥ ಸೂಚನೆಗಳು, ಖಾಲಿ ಕೋಷ್ಟಕ ಮೊದಲಾದ, ಪುಟದಿಂದ ಪುಟಕ್ಕೆ ಬೇರೆಯಾಗಲೇಬೇಕಾದ ಸಂಗತಿಗಳಿಗೆ ಅದು ತಕ್ಕದ್ದು. ಎಲ್ಲೆಡೆ ಒಂದೇ ಆಗಿರಬೇಕಾದ ಪಠ್ಯವನ್ನು ತುಣುಕಾಗಿ ಮಾಡಿ, ಆ ತುಣುಕಿನ ಉಲ್ಲೇಖವನ್ನೇ ಟೆಂಪ್ಲೇಟಿನೊಳಗೆ ಇಟ್ಟುಬಿಡಿ. ಆಗ ಹೊಸ ಪುಟ ಹುಟ್ಟುವಾಗ ನಕಲಾಗುವುದು ಉಲ್ಲೇಖ ಮಾತ್ರ, ಪಠ್ಯ ಮೂಲದಲ್ಲೇ ಉಳಿಯುತ್ತದೆ.

ರಾಯಚೂರು ವಿಕಿ

ಬಳ್ಳಾರಿಯವರು ಹೇಳಿದ ವ್ಯತ್ಯಾಸವನ್ನು ಕೈಯಾರೆ ಮಾಡಿ ನೋಡಬೇಕೆನ್ನುವವರಿಗೆ ಹಣ ಖರ್ಚಿಲ್ಲದ ಪ್ರಯೋಗಶಾಲೆ ಎಂದರೆ ಕನ್ನಡ ವಿಕಿಪೀಡಿಯ. ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ನಾನು ಇದನ್ನು ಅಲ್ಲಿಂದಲೇ ಕಲಿಸುತ್ತೇನೆ. ಅಲ್ಲಿ ಟೆಂಪ್ಲೇಟು ಎಂಬ ಪೂರ್ವಪದವಿರುವ ಪುಟಗಳಿವೆ. ಅದರ ಹೆಸರನ್ನು ಎರಡೆರಡು ಸುರುಳಿ ಕಂಸಗಳ ನಡುವೆ ಬರೆದರೆ ಆ ಪುಟದ ಪಠ್ಯ ಲೇಖನದೊಳಗೆ ಜೀವಂತವಾಗಿ ಮೂಡುತ್ತದೆ, ಮೂಲ ಬದಲಾದರೆ ಲೇಖನವೂ ಬದಲಾಗುತ್ತದೆ. ಅದೇ ಹೆಸರಿಗೆ ಮೊದಲು ಸಬ್‌ಸ್ಟ್ ಎಂಬ ಸೂಚನೆ ಸೇರಿಸಿ ಉಳಿಸಿದರೆ ಪಠ್ಯವು ಲೇಖನದಲ್ಲೇ ನಕಲಾಗಿ ಕುಳಿತುಬಿಡುತ್ತದೆ, ಮುಂದೆ ಮೂಲಕ್ಕೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ವಿಕಿಯವರು ಟೆಂಪ್ಲೇಟು ಎಂದು ಕರೆಯುವುದನ್ನೇ ಸಹಾಯ ಕೈಪಿಡಿಯವರು ಸ್ನಿಪೆಟ್ ಎನ್ನುತ್ತಾರೆ. ಗಂಗಾವತಿಯ ಮೇಡಂ ಅವರಿಗೆ ಆದ ಗೊಂದಲದಲ್ಲಿ ಈ ಹೆಸರಿನ ಪಾಲೂ ಇರಬಹುದು.

ಹೀಗೆ ಒಂದು ಕಡತದ ಭಾಗವನ್ನು ಉಲ್ಲೇಖದ ಮೂಲಕ ಇನ್ನೊಂದರಲ್ಲಿ ಕಾಣಿಸುವ ಕ್ರಮಕ್ಕೆ ಟ್ರಾನ್ಸ್‌ಕ್ಲೂಷನ್ ಎಂದು ಹೆಸರಿಟ್ಟವರು ಹೈಪರ್‌ಟೆಕ್ಸ್ಟ್ ಪದವನ್ನೂ ಕೊಟ್ಟ ಟೆಡ್ ನೆಲ್ಸನ್. ತಾಂತ್ರಿಕ ಬರವಣಿಗೆಯ ಲೋಕದಲ್ಲಿ ಅದಕ್ಕೆ ಒಂದು ಗಟ್ಟಿ ಚೌಕಟ್ಟು ಕೊಟ್ಟದ್ದು ಐಬಿಎಂನಲ್ಲಿ ರೂಪುಗೊಂಡು 2005ರಲ್ಲಿ ಓಯಸಿಸ್ ಎಂಬ ಸಂಸ್ಥೆಯ ಮಾನದಂಡವಾದ ಡಿಟಾ ಎಂಬ ಬರವಣಿಗೆ ಪದ್ಧತಿ. ಅದರಲ್ಲಿ ಕಾನ್‌ರೆಫ್ ಎಂಬ ಗುಣಲಕ್ಷಣದಿಂದ ಒಂದು ವಾಕ್ಯವನ್ನೋ ಕೋಷ್ಟಕದ ಸಾಲನ್ನೋ ಬೇರೆ ಕಡತದಿಂದ ಎಳೆದುಕೊಳ್ಳಬಹುದು. 11 ಯಂತ್ರಗಳ ಸಂಸ್ಥೆಗೆ ಡಿಟಾ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ.

ಇನ್ನು "ಜರಡಿಅನ್ನು" ಸಮಸ್ಯೆಗೆ ಬರುತ್ತೇನೆ, ನನಗೆ ಹೆಚ್ಚು ಆಸಕ್ತಿಯಿರುವುದು ಅದರಲ್ಲೇ. ವೇರಿಯಬಲ್ ಎಂಬ ಕಲ್ಪನೆ ಸುಲಭವಾಗಿ ಹೊಂದುವುದು ನಾಮಪದಕ್ಕೆ ವಿಭಕ್ತಿ ಪ್ರತ್ಯಯ ಅಷ್ಟಾಗಿ ಅಂಟದ ಇಂಗ್ಲಿಷಿಗೆ. ನಮ್ಮಲ್ಲಿ ಜರಡಿಯನ್ನು, ಪಂಪನ್ನು, ಯಂತ್ರವನ್ನು ಎಂದು ದ್ವಿತೀಯೆಯೇ ಮೂರು ಬಗೆ. ಚತುರ್ಥಿಯಲ್ಲಿ ಜರಡಿಗೆ, ಪಂಪಿಗೆ, ಯಂತ್ರಕ್ಕೆ. ಸಪ್ತಮಿಯಲ್ಲಿ ಜರಡಿಯಲ್ಲಿ, ಪಂಪಿನಲ್ಲಿ, ಯಂತ್ರದಲ್ಲಿ. ಯಕಾರ ಬರಬೇಕೋ ವಕಾರ ಬರಬೇಕೋ ಇನ್ ಆಗಮ ಬರಬೇಕೋ ಎಂಬುದನ್ನು ಪದದ ಕೊನೆಯ ಸ್ವರ ತೀರ್ಮಾನಿಸುತ್ತದೆ, ಅದು ಸಾಫ್ಟ್‌ವೇರಿಗೆ ಗೊತ್ತಿಲ್ಲ. ಫಿನ್ನಿಶ್ ಭಾಷೆಯವರಿಗೂ ಇದೇ ಕಷ್ಟವಿರುವುದರಿಂದ ವಿಕಿಪೀಡಿಯ ನಡೆಯುವ ಮೀಡಿಯಾವಿಕಿಯಲ್ಲಿ ಗ್ರಾಮರ್ ಎಂಬ ವಿಶೇಷ ಸೂಚನೆಯನ್ನೇ ಇಟ್ಟಿದ್ದಾರೆ, ಪದವನ್ನೂ ವಿಭಕ್ತಿಯನ್ನೂ ಕೊಟ್ಟರೆ ಅದು ರೂಪವನ್ನು ಕಟ್ಟಿಕೊಡುತ್ತದೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಅಂಥದ್ದಿಲ್ಲದಿದ್ದರೆ ಪ್ರತಿ ಯಂತ್ರಕ್ಕೂ ವಿಭಕ್ತಿಗೊಂದರಂತೆ ವೇರಿಯಬಲ್ ಮಾಡಿಟ್ಟುಕೊಳ್ಳಿ. ಮೂಲ ರೂಪ, ದ್ವಿತೀಯಾ, ಚತುರ್ಥಿ, ಷಷ್ಠಿ, ಸಪ್ತಮಿ, ಇಷ್ಟು ಸಾಕು. ತೃತೀಯೆಯ "ಇಂದ" ಕೈಪಿಡಿಯಲ್ಲಿ ಅಪರೂಪ.

ಬಳ್ಳಾರಿ ಬರಹ

ಸರ್, ವ್ಯಾಕರಣದ ವಿಶ್ಲೇಷಣೆಯನ್ನು ಒಪ್ಪುತ್ತೇನೆ, ಪರಿಹಾರವನ್ನು ಒಪ್ಪಲಾರೆ. 11 ಯಂತ್ರಗಳಿಗೆ ಐದೈದು ರೂಪಗಳೆಂದರೆ 55 ವೇರಿಯಬಲ್‌ಗಳು. ತೆಲುಗಿನಲ್ಲೂ ವಿಭಕ್ತಿಯ ಪಾಡು ಇದೇ ಆದ್ದರಿಂದ 110. ಇದನ್ನು ಕಾಪಾಡಿಕೊಂಡು ಹೋಗುವ ಶ್ರಮ ಕೈಯಿಂದ ತಿದ್ದುವ ಶ್ರಮಕ್ಕಿಂತ ಹೆಚ್ಚಾಗುತ್ತದೆ. ಬರೆಯುವವರು ಅವಸರದಲ್ಲಿ ದ್ವಿತೀಯಾ ರೂಪದ ಜಾಗದಲ್ಲಿ ಷಷ್ಠಿಯನ್ನು ಸೇರಿಸಿದರೆ "ಜರಡಿಯ ನಿಲ್ಲಿಸಿ" ಎಂದಾಗುತ್ತದೆ, ಹಳೆಯ ಕಾವ್ಯದ ಸಾಲಿನಂತೆ ಕೇಳಿಸುವ ಅದು ಕಾಗುಣಿತ ಪರೀಕ್ಷೆಯಲ್ಲೂ ಸಿಕ್ಕಿಬೀಳುವುದಿಲ್ಲ.

ನಾನು ಬಳಸುವ ಉಪಾಯ ಇದು. ವೇರಿಯಬಲ್‌ನ ಮುಂದೆ ಪ್ರತ್ಯಯವನ್ನು ಹೊರಲು ಒಂದು ಸಾಮಾನ್ಯ ನಾಮಪದವನ್ನು ನಿಲ್ಲಿಸಬೇಕು. ವೇರಿಯಬಲ್ ಬರೀ ಹೆಸರಾಗಿ ಉಳಿಯುತ್ತದೆ, ವಿಭಕ್ತಿಯು "ಯಂತ್ರ" ಎಂಬ ಪದಕ್ಕೆ ಅಂಟುತ್ತದೆ. "ಶೆಲ್ಲರ್ ಯಂತ್ರವನ್ನು ನಿಲ್ಲಿಸಿ", "ಜರಡಿ ಯಂತ್ರಕ್ಕೆ ಎಣ್ಣೆ ಹಾಕಿ". ಬಟನ್‌ಗಳ ಹೆಸರಿಗೂ ಇದೇ ದಾರಿ: "ಸ್ಟಾರ್ಟ್ ಗುಂಡಿಯನ್ನು ಒತ್ತಿ", "ರೀಸೆಟ್ ಗುಂಡಿಯನ್ನು ಒತ್ತಿ". ಅಂಕಿಗಳ ವಿಷಯದಲ್ಲಿ ಕನ್ನಡವೇ ನಮ್ಮ ಕೈ ಹಿಡಿಯುತ್ತದೆ. ಅಂಕಿಯಲ್ಲಿ ಬರೆದ ಯಾವ ಸಂಖ್ಯೆಗಾದರೂ "ರಲ್ಲಿ", "ರಿಂದ", "ನೇ" ಎಂದು ಒಂದೇ ರೂಪ ಅಂಟುತ್ತದೆ. ಸಂಖ್ಯೆ ಮುಂದಿದ್ದಾಗ "10 ನಿಮಿಷ", "5 ಚೀಲ" ಎಂದು ಏಕವಚನವೇ ಸಾಕಾಗುವುದರಿಂದ ಬಹುವಚನದ ಗೊಡವೆಯೂ ಇಲ್ಲ. ಕಾಯುವ ಸಮಯದ ಅಂಕಿಯನ್ನು ನೀವು ಧೈರ್ಯವಾಗಿ ವೇರಿಯಬಲ್ ಮಾಡಬಹುದು. ನಾಳೆ ಒಂದು ಯಂತ್ರಕ್ಕೆ 15 ನಿಮಿಷದ ಡ್ರೈವ್ ಬಂದರೆ ಆ ಕೈಪಿಡಿಗೆ ಮಾತ್ರ ಬೇರೆ ಬೆಲೆ ಕೊಟ್ಟರಾಯಿತು.

ರಾಯಚೂರು ವಿಕಿ

"ಬಾಯ್ಲರ್ ಯಂತ್ರ" ಎಂದು ಯಾರಾದರೂ ಹೇಳುವುದನ್ನು ಕೇಳಿದ್ದೀರಾ? "ಎಲಿವೇಟರ್ ಯಂತ್ರಕ್ಕೆ" ಎಂಬುದೂ ಕಿವಿಗೆ ಹಿತವಾಗಿಲ್ಲ. ಸಾಫ್ಟ್‌ವೇರಿನ ಅನುಕೂಲಕ್ಕಾಗಿ ಭಾಷೆಯನ್ನು ಬಗ್ಗಿಸುವುದು ನನಗೆ ಸಮ್ಮತವಲ್ಲ. ಆದರೂ 110ರ ಲೆಕ್ಕ ನೋಡಿದ ಮೇಲೆ ನನ್ನ ಸಲಹೆಯನ್ನು ಅರ್ಧ ಹಿಂದಕ್ಕೆ ಪಡೆಯುತ್ತೇನೆ.

ಸಿಂಧನೂರು ಫಿಟರ್

ನಾನು ಬರೆಯುವವನಲ್ಲ, ಓದುವವನು. ಗಿರಣಿಗಳಲ್ಲಿ ಯಂತ್ರ ಕೂಡಿಸುವುದು, ರಿಪೇರಿ ಮಾಡುವುದು ನನ್ನ ಉದ್ಯೋಗ. ನಿಮ್ಮ ಮಾತುಕತೆಯಲ್ಲಿ ಓದುವವನ ಕಡೆಯಿಂದ ಎರಡು ಮಾತು ಹೇಳಲು ಅನುಮತಿ ಇರಲಿ.

ಮೊದಲನೆಯದು, ಎಚ್ಚರಿಕೆಗಳನ್ನು ಒಂದೇ ಸಲಕ್ಕೆ ಎಲ್ಲ ಪುಟಗಳಿಗೂ ಸೇರಿಸುವ ಸೌಲಭ್ಯ ಸಿಕ್ಕಿದೆ ಎಂದು ದಯವಿಟ್ಟು ಎಲ್ಲ ಪುಟಗಳಿಗೂ ಸೇರಿಸಬೇಡಿರಿ. ನನ್ನ ಬಳಿ ಇರುವ ಒಂದು ಕೈಪಿಡಿಯಲ್ಲಿ ಬೆಲ್ಟ್ ಬಿಗಿ ಮಾಡುವ ಪುಟಕ್ಕೂ, ತೌಡಿನ ಚೀಲ ಕಟ್ಟುವ ಪುಟಕ್ಕೂ, ಎಣ್ಣೆ ಹಾಕುವ ಪುಟಕ್ಕೂ ತಲೆಯ ಮೇಲೆ ಅದೇ ಐದು ಎಚ್ಚರಿಕೆಗಳಿವೆ. ಮೂರನೆಯ ಪುಟದ ಹೊತ್ತಿಗೆ ಕಣ್ಣು ಅವುಗಳನ್ನು ದಾಟಿ ಕೆಳಗೆ ಹೋಗಲು ಕಲಿತುಬಿಡುತ್ತದೆ. ಪ್ಯಾನೆಲ್ ತೆರೆಯುವ ಪುಟದಲ್ಲಿ ಮಾತ್ರ ಅದು ಇದ್ದಿದ್ದರೆ ನಾನು ನಿಂತು ಓದುತ್ತಿದ್ದೆ. ಅಲ್ಲದೆ ಪ್ಯಾನೆಲ್ ತೆರೆಯಬೇಕು ಎಂಬ ಹಂತಕ್ಕಿಂತ ಮುಂಚೆ ಅದು ಬರಬೇಕು, ಆಮೇಲೆ ಬಂದರೆ ಕೈ ಆಗಲೇ ಒಳಗಿರುತ್ತದೆ.

ಎರಡನೆಯದು, ಗಿರಣಿಯಲ್ಲಿ ಕೈಗೆ ಗ್ರೀಸ್ ಹತ್ತಿರುವಾಗ ಫೋನಿನಲ್ಲಿ ಓದುವವನಿಗೆ ಪ್ರತಿ ಸಾಲಿನಲ್ಲೂ ಯಂತ್ರದ ಪೂರ್ತಿ ಹೆಸರು ಬೇಕಿಲ್ಲ. ನಾನು ಶೆಲ್ಲರ್ ಮುಂದೆಯೇ ನಿಂತಿದ್ದೇನೆ, ಅದು ಶೆಲ್ಲರ್ ಎಂದು ನನಗೆ ಗೊತ್ತು. "ನಿಲ್ಲಿಸಿರಿ, ರೋಲ್ ಪೂರ್ತಿ ನಿಂತ ಮೇಲೆ ಮುಚ್ಚಳ ತೆಗೆಯಿರಿ" ಎಂದರೆ ಸಾಕು.

ರಾಯಚೂರು ವಿಕಿ

ಫಿಟರ್ ಅಣ್ಣನವರು ನಮ್ಮ ವಾದವನ್ನೇ ಮುಗಿಸಿದರು. ಕನ್ನಡದಲ್ಲಿ ಸಂದರ್ಭ ಸ್ಪಷ್ಟವಿದ್ದರೆ ಕರ್ಮಪದವನ್ನು ಬಿಟ್ಟು ಕ್ರಿಯಾಪದವೊಂದರಿಂದಲೇ ವಾಕ್ಯ ನಿಲ್ಲುತ್ತದೆ. ಇಂಗ್ಲಿಷ್ ಮೂಲದ ಟೆಂಪ್ಲೇಟುಗಳನ್ನು ಇಟ್ಟುಕೊಂಡು ಬರೆಯುವಾಗ ಪ್ರತಿ ವಾಕ್ಯಕ್ಕೂ ಒಂದು ಹೆಸರು ಬೇಕೆಂದು ನಾವೇ ಅಂದುಕೊಂಡು, ಆ ಹೆಸರಿಗೆ ವಿಭಕ್ತಿ ಎಲ್ಲಿಂದ ತರುವುದೆಂದು ತಲೆ ಕೆಡಿಸಿಕೊಳ್ಳುತ್ತಿದ್ದೆವು. ಹೆಸರು ಶೀರ್ಷಿಕೆಯಲ್ಲಿ ಮೂಲ ರೂಪದಲ್ಲಿರಲಿ, ಅಲ್ಲಿ ವೇರಿಯಬಲ್ ನಿರಪಾಯ. ಒಳಗಿನ ಹಂತಗಳಲ್ಲಿ ಹೆಸರೇ ಬೇಡ, ಬೇಕೇ ಬೇಕಾದಲ್ಲಿ "ಇದನ್ನು", "ಇದರ" ಎನ್ನೋಣ. ಬಾಯ್ಲರ್ ಯಂತ್ರದ ಹಂಗೂ ತಪ್ಪಿತು, 110 ವೇರಿಯಬಲ್‌ಗಳೂ ತಪ್ಪಿದವು.

ಕೊಪ್ಪಳ ಡಿಟಿಪಿ

ತಡವಾಗಿ ಸೇರಿಕೊಂಡೆ. ಕೊಪ್ಪಳದಲ್ಲಿ ಮುದ್ರಣದ ಕೆಲಸ ಮಾಡುವವನಾದ್ದರಿಂದ ಯಾರೂ ಮುಟ್ಟದ ಒಂದು ವಿಷಯವನ್ನು ಸೇರಿಸುತ್ತೇನೆ. ಗಂಗಾವತಿಯ ಮೇಡಂ ಈಗ ಹಳೆಯ ಪುಟಗಳಲ್ಲಿ ನಕಲಾಗಿ ಕುಳಿತ ಎಚ್ಚರಿಕೆಗಳನ್ನು ಹುಡುಕಿ, ತೆಗೆದು, ಆ ಜಾಗದಲ್ಲಿ ತುಣುಕಿನ ಉಲ್ಲೇಖ ಇಡಬೇಕಲ್ಲವೇ? ಹುಡುಕು ಪೆಟ್ಟಿಗೆಯಲ್ಲಿ ವಾಕ್ಯ ಹಾಕಿ 11 ಸಿಕ್ಕವು ಎಂದು ನಂಬಿ ಕೂರಬೇಡಿರಿ.

"ಕೆಪ್ಯಾಸಿಟರ್‌ಗಳಲ್ಲಿ" ಎಂಬ ಪದವನ್ನೇ ತೆಗೆದುಕೊಳ್ಳಿ. ರ್ ಮತ್ತು ಗ ಒಂದಕ್ಕೊಂದು ಅಂಟಿ ಅರ್ಕಾವತ್ತು ಆಗದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಇರುತ್ತದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಕೆಲವರು ಅಂತರ ಕೊಟ್ಟು ಬರೆಯುತ್ತಾರೆ. ಅರ್ಥ ಒಂದೇ ಆದರೂ ಕಂಪ್ಯೂಟರಿಗೆ ಇವು ಮೂರು ಬೇರೆ ಬೇರೆ ಪದಗಳು. ಇನ್ನೂ ಸೂಕ್ಷ್ಮವಾದದ್ದು "ದೋಷ" ಎಂಬಲ್ಲಿನ ಓಕಾರ. ಅದನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಇಡಬಹುದು. ಪರದೆಯ ಮೇಲೆ ವ್ಯತ್ಯಾಸವೇ ಕಾಣಿಸದು, ಎರಡನ್ನೂ ಸಮಾನವೆಂದು ಪರಿಗಣಿಸದ ಸಾಫ್ಟ್‌ವೇರಿನಲ್ಲಿ ಹುಡುಕಾಟ ಸೋಲುತ್ತದೆ. ಇನ್ನು ಹಳೆಯ ನುಡಿ ಫಾಂಟಿನ ಆಸ್ಕಿ ಕಡತದಿಂದ ಅಂಟಿಸಿದ ಪುಟಗಳಿದ್ದರೆ ಒಳಗಿರುವುದು ಕನ್ನಡವೇ ಅಲ್ಲ, ಕನ್ನಡದಂತೆ ಕಾಣುವ ಇಂಗ್ಲಿಷ್ ಅಕ್ಷರಗಳು. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಆದ್ದರಿಂದ ಉದ್ದ ವಾಕ್ಯ ಹುಡುಕುವ ಬದಲು "ನಿಮಿಷ" ಎಂಬಂಥ ಯಾವ ತಕರಾರೂ ಇಲ್ಲದ ಸಣ್ಣ ಪದವನ್ನು ಹುಡುಕಿ, ಸಿಕ್ಕ ಪ್ರತಿಯೊಂದನ್ನೂ ಕಣ್ಣಾರೆ ನೋಡಿರಿ. ಪಠ್ಯ ಒಂದೇ ಕಡೆ ಇದ್ದರೆ ಈ ಪಾಡೇ ಬರುವುದಿಲ್ಲ, ಕನ್ನಡದ ಮಟ್ಟಿಗೆ ತುಣುಕುಗಳ ಪರವಾಗಿ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಹಾಗೆಯೇ ಒಂದು ಮಾತು: ಔಟ್‌ಪುಟ್ ಪಟ್ಟಿಯಲ್ಲಿ ಸಿಎಚ್‌ಎಂ ಎಂದಿದ್ದರೆ ಅದನ್ನು ಆರಿಸಬೇಡಿರಿ. ಮೈಕ್ರೋಸಾಫ್ಟ್ 1997ರಲ್ಲಿ ತಂದ ಆ ಹಳೆಯ ಸಹಾಯ ಕಡತದ ಮಾದರಿಯಲ್ಲಿ ಪರಿವಿಡಿ ಮತ್ತು ಪದಸೂಚಿ ಯೂನಿಕೋಡ್ ಅಲ್ಲ. ಪುಟದೊಳಗೆ ಕನ್ನಡ ಕಂಡರೂ ಎಡಗಡೆಯ ಪರಿವಿಡಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಲ್ಲುತ್ತದೆ. ಎಚ್‌ಟಿಎಂಎಲ್ ಮತ್ತು ಪಿಡಿಎಫ್ ಸಾಕು. ಪಿಡಿಎಫ್ ತೆಗೆದ ಮೇಲೂ ಒತ್ತಕ್ಷರಗಳು ಸರಿಯಾಗಿ ಕೂತಿವೆಯೇ ಎಂದು ನಾಲ್ಕು ಪುಟ ನೋಡದೆ ನಮ್ಮಂಥವರಿಗೆ ಕಳಿಸಬೇಡಿರಿ.

ಗಂಗಾವತಿ ಕೈಪಿಡಿ

ಎಲ್ಲರಿಗೂ ಕೃತಜ್ಞತೆಗಳು. ಒಂದು ವಾರ ಕುಳಿತು ಮಾಡಿದ್ದನ್ನು ತಿಳಿಸುತ್ತೇನೆ.

ಕೊಪ್ಪಳದವರು ಹೇಳಿದಂತೆ "ನಿಮಿಷ" ಹುಡುಕಿದೆ. ವಾಕ್ಯ ಹಾಕಿ ಹುಡುಕಿದಾಗ 9 ಕಡೆ ಸಿಕ್ಕಿದ್ದ ಎಚ್ಚರಿಕೆ ಹೀಗೆ ಹುಡುಕಿದಾಗ 14 ಕಡೆ ಸಿಕ್ಕಿತು. ಅವುಗಳಲ್ಲಿ ಒಂದು "ಸ್ವಲ್ಪ ಹೊತ್ತು, ಸುಮಾರು 5 ನಿಮಿಷ" ಎಂದು ನಾನೇ ಯಾವಾಗಲೋ ಬದಲಿಸಿ ಬರೆದದ್ದು. ಎಲ್ಲವನ್ನೂ ತೆಗೆದು ಒಂದೇ ತುಣುಕಿನ ಉಲ್ಲೇಖ ಇಟ್ಟೆ, ಅಂಕಿಯನ್ನು ವೇರಿಯಬಲ್ ಮಾಡಿದೆ. ಫಿಟರ್ ಅಣ್ಣನವರ ಮಾತಿನಂತೆ 14ರಲ್ಲಿ 8 ಕಡೆ ಆ ಎಚ್ಚರಿಕೆಗೆ ಕೆಲಸವೇ ಇರಲಿಲ್ಲ, ಅಲ್ಲಿ ತೆಗೆದುಹಾಕಿದೆ. ಉಳಿದ 6 ಕಡೆ ಪ್ಯಾನೆಲ್ ತೆರೆಯುವ ಹಂತದ ಮೇಲೆಯೇ ಇದೆ.

ಯಂತ್ರದ ಹೆಸರಿನ ವೇರಿಯಬಲ್ ಈಗ ಶೀರ್ಷಿಕೆಯಲ್ಲಿ ಮತ್ತು ಪುಟದ ಅಡಿಯಲ್ಲಿ ಮಾತ್ರ ಉಳಿದಿದೆ. ಹಂತಗಳಲ್ಲಿ ಹೆಸರು ತೆಗೆದ ಮೇಲೆ ನಿಲುಗಡೆಯ ಹಂತಗಳು ಏಳು ಯಂತ್ರಗಳಿಗೆ ಅಕ್ಷರಶಃ ಒಂದೇ ಆಗಿಬಿಟ್ಟವು, ಅವನ್ನೂ ಒಂದು ತುಣುಕು ಮಾಡಿದೆ. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಒಂದು ಸಂದೇಹ ಉಳಿದಿದೆ. ಪಾಲಿಶರಿನ ನಿಲುಗಡೆಯಲ್ಲಿ ಮಾತ್ರ "ಒಳಗಿನ ಅಕ್ಕಿ ಪೂರ್ತಿ ಹೊರಬರುವವರೆಗೆ ಕಾಯಿರಿ" ಎಂಬ ಒಂದು ಹೆಚ್ಚುವರಿ ಹಂತವಿದೆ. ಅದಕ್ಕಾಗಿ ಎರಡನೆಯ ತುಣುಕು ಮಾಡಬೇಕೇ?

ಬಳ್ಳಾರಿ ಬರಹ

ಮಾಡಬೇಡಿ. ಅದೇ ತುಣುಕಿನಲ್ಲಿ ಆ ಹಂತವನ್ನೂ ಬರೆದು ಅದಕ್ಕೆ ಮಾತ್ರ ಪಾಲಿಶರ್ ಎಂಬ ಕಂಡಿಶನ್ ಟ್ಯಾಗ್, ಅಂದರೆ ಯಾವ ಕೈಪಿಡಿಗೆ ಸೇರಬೇಕೆಂದು ಹೇಳುವ ಗುರುತು, ಹಚ್ಚಿರಿ. ಪಾಲಿಶರ್ ಕೈಪಿಡಿ ತೆಗೆಯುವಾಗ ಆ ಟ್ಯಾಗ್ ಸೇರಿಸಬೇಕೆಂದೂ ಉಳಿದವುಗಳಿಗೆ ಬೇಡವೆಂದೂ ಔಟ್‌ಪುಟ್ ಸೆಟ್ಟಿಂಗಿನಲ್ಲಿ ಹೇಳಿದರೆ ಹಂತಗಳ ಕ್ರಮಸಂಖ್ಯೆ ತಾನಾಗಿ ಸರಿಹೋಗುತ್ತದೆ, ಅದಕ್ಕಾಗಿ ಸಂಖ್ಯೆಗಳನ್ನು ಕೈಯಿಂದ ಟೈಪ್ ಮಾಡದೆ ಪಟ್ಟಿಯ ಸೌಲಭ್ಯ ಬಳಸಿರಬೇಕು. "ಮೇಲಿನ 4ನೇ ಹಂತ ನೋಡಿ" ಎಂದು ಎಲ್ಲಾದರೂ ಬರೆದಿದ್ದರೆ ಅದನ್ನು ಈಗಲೇ ಹುಡುಕಿ ತೆಗೆಯಿರಿ. ಒಂದೇ ತುಣುಕಿಗೆ ಮೂರಕ್ಕಿಂತ ಹೆಚ್ಚು ಟ್ಯಾಗ್ ಬೇಕಾಗತೊಡಗಿದರೆ ಆಗ ತುಣುಕನ್ನು ಒಡೆಯಬಹುದು. ಇದು ನನ್ನ ಅಳತೆ, ಶಾಸ್ತ್ರವೇನಲ್ಲ.

ಗಂಗಾವತಿ ಕೈಪಿಡಿ

"4ನೇ ಹಂತ ನೋಡಿ" ಎಂಬುದು ಮೂರು ಕಡೆ ಇತ್ತು. ತೆಗೆದೆ. ಕನ್ನಡದ ಕಡತಗಳು ಇಂದು ಮುದ್ರಣಕ್ಕೆ ಹೋದವು, ನಾಳೆಯಿಂದ ತೆಲುಗಿನ 11 ಕೈಪಿಡಿಗಳಲ್ಲಿ ನಿಮಿಷಗಳನ್ನು ಹುಡುಕಬೇಕು.